ಬಸುರಿ ಬಯಸಿದ ಕಬ್ಬಿಣದ ಮನುಷ್ಯ

ಎರಡು ಸಾವಿರದ ನಾಲ್ಕನೇ ಇಸವಿ, ಮಾರ್ಚ್ ತಿಂಗಳು. ಕಾಫಿ ಕೊಯ್ಲು ಮುಗಿದು ಕೈ ಸ್ವಲ್ಪ ಬಿಡುವಾಗಿತ್ತು. ನನ್ನ ಮಗಳು ಶಶಿಕಲಾ ಆಗ ಏಳು ತಿಂಗಳ ಬಸುರಿ. ಬಾಳ್ಳುಪೇಟೆಯ ಗಂಡನ ಮನೆಯಿಂದ ಅವಳನ್ನು ವನಗೂರು ಕಡೆಯ ಎಸ್ಟೇಟಿನ ಕೂಲಿಯವರ ಲೈನಿನಲ್ಲಿದ್ದ ನಮ್ಮ ಮನೆಗೆ ಕರೆದುಕೊಂಡು ಬಂದಿದ್ದೆ. ನಾನು ಓದಿದ್ದು ಮೂರನೇ ಕ್ಲಾಸು, ಅಕ್ಷರ ಓರೆಕೋರೆ. ಆದರೂ ಇದನ್ನು ಬರೆಯದೆ ಇರಲಾರೆ, ಹೇಳಿಕೊಳ್ಳದಿದ್ದರೆ ಎದೆ ಒಡೆದೇ ಹೋಗುವಷ್ಟು ಸಂತೋಷ ತುಂಬಿಕೊಂಡಿದೆ.

ಅದರ ಹಿಂದಿನ ವರ್ಷ ಶಶಿಯ ಮೊದಲನೇ ಕೂಸು ಆರು ತಿಂಗಳಿಗೇ ಹೊಟ್ಟೆಯಲ್ಲೇ ಹೋಗಿಬಿಟ್ಟಿತ್ತು. ಗಂಡು ಕೂಸು. ಅವಳು ಆಗ ಒಂದು ಹನಿ ಕಣ್ಣೀರನ್ನೂ ಹಾಕಲಿಲ್ಲ, ಕಲ್ಲಿನ ಹಾಗೆ ಕೂತಿದ್ದಳು. ಈ ಸಲ ಸಕಲೇಶಪುರದ ಡಾಕ್ಟರಮ್ಮ, ಮಂಚ ಬಿಟ್ಟು ಇಳಿಯಬಾರದು, ಚೆನ್ನಾಗಿ ಉಣ್ಣಬೇಕು, ಮನಸ್ಸು ಗೆಲುವಾಗಿರಬೇಕು ಎಂದಿದ್ದರು. ಮಂಚ ಬಿಟ್ಟು ಇಳಿಯಲಿಲ್ಲ ನಿಜ. ಆದರೆ ಎರಡು ತುತ್ತು ಉಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ತೂಕ ಏರಲಿಲ್ಲ. "ಹೀಗೇ ಆದರೆ ಮಗು ಉಳಿಯೋದು ಕಷ್ಟ ಕಣಮ್ಮ" ಎಂದು ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಗದರಿದರು.

ನಮ್ಮಲ್ಲಿ ಏಳನೇ ತಿಂಗಳಲ್ಲಿ ಬಸುರಿಯ ಬಯಕೆ ಕೇಳಿ ತೀರಿಸುವ ಪದ್ಧತಿ ಉಂಟು. ಒಂದು ದಿನ ಮಂಚದ ತುದಿಯಲ್ಲಿ ಕೂತು ಕೇಳಿದೆ.

"ಏನ್ ಬೇಕೇಳು ಮಗ? ಮಾವಿನ್ಕಾಯಿ ತರುಸ್ಲಾ? ನಾಟಿ ಕೋಳಿ ಕುಯ್ಸ್ಲಾ?"

"ಏನೂ ಬ್ಯಾಡ ಕಣವ್ವ."

"ಬ್ಯಾಡ ಅಂದ್ರೆ ಹೆಂಗೇ? ಬಯಕೆ ತೀರ್ದೇ ಇದ್ರೆ ಹುಟ್ಟೋ ಮಗೀಗೆ ಕಿವಿ ಸೋರ್ತದಂತೆ."

ಆಮೇಲೆ ಗೋಡೆಗೇ ಹೇಳಿದಳು. "ಸ್ಟೋರಲ್ಲಿ ನೋಡ್ತಿದ್ವಲ್ಲ, ಕಬ್ಬಿಣದ ಮನುಷ್ಯನ ಪಿಕ್ಚರು, ಅವೆಲ್ಡೂ ನೋಡ್ಬೇಕು. ಮಂಜ, ಗಿರಿಜಾ, ವಿನಯ, ಎಲ್ರೂ ಬರ್ಬೇಕು."

ನನಗೆ ನಗು ಬಂತು. ಬಸುರಿಯರು ಸೀಮೆಸುಣ್ಣ, ಕೆಮ್ಮಣ್ಣು ಕೇಳಿದ್ದು ಗೊತ್ತಿತ್ತು. ಸಿನಿಮಾ ಕೇಳಿದ್ದು ಇವಳೇ!

ಅದು ಹತ್ತು ವರ್ಷ ಹಿಂದಿನ ಮಾತು. ನಮ್ಮ ಸಾಹುಕಾರರ ತಮ್ಮನ ಮಗ ಹೊರದೇಶದಿಂದ ರಜೆಗೆ ಬಂದವನು ಎರಡು ವಿಡಿಯೋ ಕ್ಯಾಸೆಟ್ ಬಿಟ್ಟು ಹೋಗಿದ್ದ. ಜಪಾನಿನವರು ಚಿತ್ರ ಬರೆದು ಬರೆದು ಮಾಡಿದ ಸಿನಿಮಾ. ಮತ್ತಿ ಮರಕ್ಕಿಂತ ಎತ್ತರದ ಕಬ್ಬಿಣದ ಮನುಷ್ಯ, ಅವನ ಎದೆಯಲ್ಲಿ ಒಂದು ಬಾಗಿಲು. ಒಬ್ಬ ಹುಡುಗ ಆ ಬಾಗಿಲಿನಿಂದ ಒಳಗೆ ಹೋಗಿ ಕೂತು, ಜೀಪು ಓಡಿಸಿದ ಹಾಗೆ ಅವನನ್ನು ಓಡಿಸುತ್ತಾನೆ. ಆಕಾಶದಿಂದ ಇಳಿದು ಬಂದವರ ಜೊತೆ ಯುದ್ಧ. ಭಾನುವಾರ ಕಾಫಿ ಸ್ಟೋರಿನಲ್ಲಿ ಮೂಟೆಗಳನ್ನು ಸರಿಸಿ, ಸಾಹುಕಾರರ ಹಳೇ ಟೀವಿಯಲ್ಲಿ ಹಾಕುತ್ತಿದ್ದರು. ಮಾತೆಲ್ಲ ಇಂಗ್ಲಿಷು, ಯಾರಿಗೂ ಒಂದಕ್ಷರ ತಿಳಿಯದು. ಆದರೂ ಶಶಿ ಮತ್ತು ಅವಳ ಜೊತೆ ಆಡಿ ಬೆಳೆದ ಈ ಮೂವರು ಅದೆಷ್ಟು ಸಲ ನೋಡಿದರೋ! ಮಂಜ ಎದೆಗೆ ಎಣ್ಣೆ ಡಬ್ಬದ ತಗಡು ಕಟ್ಟಿಕೊಂಡು ಲೈನೆಲ್ಲ ಓಡಾಡುತ್ತಿದ್ದ. ನಾನೂ ಹಿಂದೆ ಮೂಟೆಗೆ ಒರಗಿ ನೋಡುತ್ತಿದ್ದೆ. ಮೊದಲ ಕ್ಯಾಸೆಟ್ಟಿನ ಕೊನೆಯಲ್ಲಿ ಆ ಹುಡುಗ ಬೆಂಕಿಯಲ್ಲಿ ಸತ್ತುಹೋಗುತ್ತಾನೆ. ಎರಡನೆಯದರಲ್ಲಿ ಅವನೇ ಚಿಕ್ಕವನಾಗಿ ಬ್ಯಾಗು ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿರುತ್ತಾನೆ. "ಮತ್ತೆ ಹುಟ್ಟಿ ಬಂದ!" ಎಂದು ಮಕ್ಕಳು ಕುಣಿಯುತ್ತಿದ್ದರು. ಆ ಕಾಫಿ ಬೀಜದ ವಾಸನೆ, ಆ ಕೇಕೆ, ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸರಿ, ಹೊರಟೆ. ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ ಮಗನೇ ವಿನಯ. ಅವರ ಮನೆಯ ಅಟ್ಟದಲ್ಲಿ ಕ್ಯಾಸೆಟ್ ಸಿಕ್ಕಿದವು, ಒಳಗೆಲ್ಲ ಬಿಳಿ ಬೂಷ್ಟು. ಮಂಜ ಅಷ್ಟರಲ್ಲಿ ವನಗೂರು ರಸ್ತೆಯ ಜೀಪ್ ಡ್ರೈವರ್ ಆಗಿದ್ದ.

"ಪುಟ್ಟಕ್ಕ, ಈಗೆಲ್ಲ ಸೀಡಿ ಕಾಲ. ಇದನ್ನ ಓಡ್ಸೋ ಪೆಟ್ಟಿಗೆ ಎಲ್ಲೈತೆ ಮಾರಾಯ್ತಿ?" ಎಂದ.

"ನೀನು ಬಯ್ಕೋ ಬೇಕಾದ್ರೆ. ತರೋದಂತೂ ತರ್ಬೇಕು" ಎಂದೆ.

ಬಾಳ್ಳುಪೇಟೆಯಲ್ಲಿ ಮದುವೆ ವಿಡಿಯೋ ತೆಗೆಯುವವರನ್ನು ಕಾಡಿ ಬೇಡಿ ಒಂದು ಪೆಟ್ಟಿಗೆ ತಂದ. ಬೂಷ್ಟು ಹಿಡಿದ ಕ್ಯಾಸೆಟ್ ಹಾಕಿದರೆ ಪೆಟ್ಟಿಗೆಯೇ ಕೆಡುತ್ತದೆ ಎಂದಿದ್ದರಂತೆ. ಮೂರು ದಿನ ಬಾಗಿಲಲ್ಲಿ ಕೂತು, ಪೆನ್ಸಿಲಿನಿಂದ ರೀಲು ತಿರುಗಿಸುತ್ತ, ಹಳೇ ಪಂಚೆಯ ತುಂಡಿನಿಂದ ಉದ್ದಕ್ಕೂ ಒರೆಸಿದೆ. ಕಾಫಿ ಬೀಜ ಆರಿಸಿದ ಕೈ, ಬೇಜಾರಾಗಲಿಲ್ಲ. ಗಿರಿಜಾಗೆ ಆಲೂರಿಗೆ ಹೇಳಿ ಕಳಿಸಿದೆ, ಕಂಕುಳಲ್ಲಿ ಮಗು ಎತ್ತಿಕೊಂಡು ಬಸ್ಸಿನಲ್ಲಿ ಬಂದಳು. ವಿನಯ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ, ಅವನೂ ಬಂದ.

ಭಾನುವಾರ ಮಧ್ಯಾಹ್ನ ಶಶಿಯ ಮಂಚವನ್ನು ಟೀವಿ ಮುಂದಕ್ಕೆ ಎಳೆದೆವು. ವಿನಯ ಒಂದು ಕ್ಯಾಸೆಟ್ ಹಾಕಿದ. ಬ್ಯಾಗು ಹಾಕಿಕೊಂಡ ಹುಡುಗ ಬಂದ.

"ಲೋ, ಇದು ಎರಡ್ನೇದು ಕಣೋ" ಎಂದಳು ಗಿರಿಜಾ.

"ಇಲ್ಲ ಕಣೇ, ಇದೇ ಮೊದಲನೇದು. ಅವತ್ತು ನಾವೇ ಉಲ್ಟಾ ನೋಡಿದ್ದು. ಹಾಸ್ಟೆಲ್ಲಲ್ಲಿ ಇಂಗ್ಲಿಷ್ ಅರ್ಥ ಮಾಡ್ಕೊಂಡು ಮತ್ತೆ ನೋಡ್ದೆ. ಇದು ಇವನು ಸಣ್ಣೋನಿದ್ದಾಗಿಂದು. ಇನ್ನೊಂದ್ರಲ್ಲಿ ಸತ್ತೋಗ್ತಾನೆ, ಅಲ್ಲಿಗೆ ಕಥೆ ಮುಗೀತು."

"ಥೂ, ಅಷ್ಟು ವರ್ಷ ಸುಮ್ಸುಮ್ನೆ ಕುಣಿದ್ವೇನೋ ಮಾರಾಯ!" ಎಂದು ಮಂಜ ಹೊಟ್ಟೆ ಹಿಡಿದುಕೊಂಡು ನಕ್ಕ.

ಶಶಿ ನಗಲಿಲ್ಲ. "ಮತ್ತೆ ಹುಟ್ಟಲ್ವೇನೋ ಅವ್ನು?" ಎಂದಳು.

"ಇಲ್ಲ."

"ವಿನಯ, ನಾವ್ ನೋಡ್ತಿದ್ದಂಗೇ ಹಾಕೋ."

"ಕಥೆ ಕೆಡ್ತೈತೆ ಕಣೇ ಶಶಿ, ಸರಿಯಾಗಿ ನೋಡು ಒಂದ್ಸಲ."

"ಸತ್ತೋನು ತಿರುಗಾ ಬರೋದ್ನ ನೋಡ್ಬೇಕು ಕಣೋ ನಾನು!" ಅವಳ ಎರಡೂ ಕೈ ಹೊಟ್ಟೆಯ ಮೇಲಿದ್ದವು.

ಅವಳ ಬಯಕೆ ಏನೆಂದು ನನಗೆ ಆಗ ತಿಳಿಯಿತು. ಹೆತ್ತವಳು ನಾನು, ಅಲ್ಲಿಯತನಕ ತಿಳಿದಿರಲಿಲ್ಲ. ಮಂಜನ ನಗು ಅಲ್ಲೇ ನಿಂತುಹೋಯಿತು.

"ವಿನಯ, ಆ ಪಿಕ್ಚರ್ ಮಾಡ್ದೋರು ಅವ್ರೂರಲ್ಲಿ ಹೆಂಗಾದ್ರೂ ನೋಡ್ಕಳ್ಳಿ. ಈ ಮನೇಲಿ ಬಸುರಿ ಹೇಳ್ದಂಗೆ" ಎಂದೆ. ವಿನಯ ತಲೆ ತಗ್ಗಿಸಿಕೊಂಡು ಎದ್ದು ಕ್ಯಾಸೆಟ್ ಬದಲಾಯಿಸಿದ.

ಬೂಷ್ಟು ತಿಂದ ಕಡೆಯೆಲ್ಲ ಚಿತ್ರದ ಮೇಲೆ ಬಿಳಿ ಗೆರೆ ಓಡುತ್ತಿದ್ದವು. ಆದರೂ ಯಾರೂ ಕದಲಲಿಲ್ಲ. ಹುಡುಗ ಬೆಂಕಿಯಲ್ಲಿ ಕಣ್ಣು ಮುಚ್ಚಿದಾಗ ಶಶಿ ಜೋರಾಗಿ ಅತ್ತುಬಿಟ್ಟಳು. ಒಂದು ವರ್ಷದಿಂದ ಕಟ್ಟಿಕೊಂಡಿದ್ದ ಅಳು ಅದು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಗಿರಿಜಾ ಅವಳ ಪಾದ ಹಿಡಿದುಕೊಂಡು ಕೂತಿದ್ದಳು.

ಎರಡನೇ ಕ್ಯಾಸೆಟ್ ಶುರುವಾಗಿ ಹುಡುಗ ಬ್ಯಾಗು ಹಾಕಿಕೊಂಡು ಬಂದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ವಿನಯ! ಮಂಜ ಶಿಳ್ಳೆ ಹಾಕಿದ. ಗಿರಿಜಾಳ ಮಗು ಬೆಚ್ಚಿ ಎದ್ದು ಕಿರುಚಿಕೊಂಡಿತು. ಆ ಗಲಾಟೆಯಲ್ಲಿ ಶಶಿ ಮೂಗು ಒರೆಸಿಕೊಂಡು, "ಅವ್ವಾ, ಹೊಟ್ಟೆ ಹಸೀತೈತೆ" ಎಂದಳು. ಎಷ್ಟು ತಿಂಗಳಾಗಿತ್ತು ಆ ಮಾತು ಕೇಳಿ! ಅಕ್ಕಿ ರೊಟ್ಟಿ ತಟ್ಟುತ್ತ ಹೋದೆ, ಅವಳು ತಿನ್ನುತ್ತ ಹೋದಳು. ಮೂರು ರೊಟ್ಟಿ!

ಅಲ್ಲಿಂದ ದಿನ ದಿನಕ್ಕೆ ಗೆಲುವಾದಳು. ವಿನಯ ಹೇಳಿದ್ದೇ ಸರಿಯಾದ ಕಥೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ಅವತ್ತಿನಿಂದ ಯಾರಾದರೂ ವಿಚಿತ್ರವಾದದ್ದು ಏನಾದರೂ ಕೇಳಿದರೆ, ನಗುವ ಮೊದಲು ಅವರ ಮುಖ ನೋಡುತ್ತೇನೆ.

ಮೇ ಕೊನೆಯಲ್ಲಿ ಸಕಲೇಶಪುರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ನರ್ಸಮ್ಮ ಬಾಗಿಲು ತೆಗೆದು "ಶಶಿಕಲಾ ಮಗೂನ ಅಜ್ಜಿ ಯಾರ್ರೀ ಇಲ್ಲಿ?" ಎಂದು ಕೂಗಿದರು. ಯಾರೋ ಮುದುಕಿಯನ್ನು ಕರೆಯುತ್ತಿದ್ದಾರೆ ಎಂದು ನಾನೂ ಹಿಂದಕ್ಕೆ ತಿರುಗಿ ನೋಡಿದೆ. ಆಮೇಲೆ ಹೊಳೆಯಿತು. "ಅಯ್ಯೋ, ನಾನೇ ಕಣವ್ವ, ನಾನೇ!" ಎಂದು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿದೆ. ಹೆಣ್ಣು ಕೂಸು. ಹೋದವನೇ ಬಂದನೋ, ಇವಳು ಬೇರೆಯೋ, ದೇವರಿಗೆ ಗೊತ್ತು. ಬಂದಳಲ್ಲ!

ನರ್ಸಮ್ಮನ ಆ ಕೂಗು ಈಗಲೂ ಕಿವಿಯಲ್ಲಿದೆ. ನೆನಪಾದಾಗಲೆಲ್ಲ ಎದ್ದು ಓಡಬೇಕು ಅನ್ನಿಸುತ್ತದೆ.