ಹತ್ಯಾರ ತೊಳೆದ ದಿನ

ಬೆಸುಗೆ ಹಾಕುವಾಗ ಏಳುವ ಹೊಗೆಗೆ ಸುಟ್ಟ ರಾಳದ ವಾಸನೆ ಇರುತ್ತದೆ. ಹೋದ ತಿಂಗಳು ರಾಮದುರ್ಗದಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನನ್ನ ಫೋನಿಗಾಗಿ ಕಾಯುತ್ತ ಕುಳಿತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಘಮವೇನಲ್ಲ ಅದು, ಗಂಟಲಲ್ಲಿ ತುಸು ಕಚ್ಚುತ್ತದೆ. ಆದರೂ ನಾನು ಎದ್ದು ಆಚೆ ಹೋಗಲಿಲ್ಲ. ನೇಸರಗಿಯ ನಮ್ಮ ಮನೆಯ ಪಡಸಾಲೆ ಮಧ್ಯಾಹ್ನದ ಹೊತ್ತಿನಲ್ಲಿ ಹೀಗೇ ನಾರುತ್ತಿತ್ತು. ಒಂದೊಂದು ಮನೆಗೆ ಒಂದೊಂದು ವಾಸನೆ ಇರುತ್ತದೆ, ನೀವು ಬೆಳೆದ ಮನೆಗೂ ಇದ್ದಿರಬೇಕು. ನಮ್ಮದು ಈಗ ಇಲ್ಲ. ರಸ್ತೆ ಅಗಲ ಮಾಡಿದಾಗ ಮುಂದಿನ ಅರ್ಧ ಹೋಯಿತು, ಉಳಿದರ್ಧವನ್ನು ನಾವೇ ಮಾರಿದೆವು.

ಪಡಸಾಲೆ ನನ್ನ ಕಾಕಾನದು. ಅಪ್ಪನ ತಮ್ಮ, ಫೌಜಿನಲ್ಲಿ ಟ್ಯಾಂಕುಗಳ ಕರೆಂಟಿನ ಕೆಲಸ ಮಾಡಿ ಪೆನ್ಶನ್ ತಗೊಂಡು ಬಂದವನು. ಮದುವೆ ಆಗಿರಲಿಲ್ಲ. ಊರಿಗೆ ಬಂದ ಮೇಲೆ ರೈತರ ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತಿಕೊಡುತ್ತಿದ್ದ. ಅವನ ಕೈ ಮುಟ್ಟಿದ ಮೋಟರ್ ಮೂರು ಬೇಸಿಗೆ ಸುಡುವುದಿಲ್ಲ ಎಂದು ಸುತ್ತಿನ ಹಳ್ಳಿಗಳಲ್ಲಿ ಮಾತಿತ್ತು, ಆ ಮಾತಿನ ಮೇಲೇ ಅವನ ಜೀವ. ಅಪ್ಪ-ಅವ್ವ ಇಬ್ಬರೂ ಸವದತ್ತಿಯಲ್ಲಿ ಸಾಲಿ ಮಾಸ್ತರರಾಗಿದ್ದರಿಂದ ನಾನು ಆಯಿಯ ಹತ್ತಿರ, ಅಂದರೆ ಅಪ್ಪನ ತಾಯಿಯ ಹತ್ತಿರ ಬೆಳೆದೆ. ಮನೆಯಲ್ಲಿ ನಾವು ಮೂವರೇ. ಆಯಿಗೆ ಕಣ್ಣು ಮಂಜು, ನಾಲಿಗೆ ಚುರುಕು.

ಕಾಕಾ ಪುಣೆಯಿಂದ ಒಂದು ಡಬ್ಬಿ ತಂದಿದ್ದ. ಒಳಗೆ ಬಿಡಿಬಿಡಿ ಪ್ಲಾಸ್ಟಿಕ್ ತುಂಡುಗಳು. ಅಂಟಿಸಿ ಜೋಡಿಸಿದರೆ ನಿಜವಾದದ್ದರ ಮೂವತ್ತೈದರಲ್ಲಿ ಒಂದು ಪಾಲಿನ ಟ್ಯಾಂಕು. ಜೋಡಿಸುವುದು ವಾರದಲ್ಲೇ ಮುಗಿಯಿತು, ಅವನ ತಕರಾರು ಆಮೇಲೆ ಶುರುವಾಯಿತು. ಹಿಡಿಕೆಗಳು ದಪ್ಪವಾದವು, ಎಳೆಯುವ ಹಗ್ಗ ಕೊಟ್ಟಿಲ್ಲ, ದೀಪ ಇದೆ, ದೀಪಕ್ಕೆ ವೈರ್ ಇಲ್ಲ. ಹಾಗಾಗಿ ಒಂದು ವರ್ಷ ಅವನು ಅದಕ್ಕೆ ಒಡವೆ ಹಾಕುತ್ತ ಕುಳಿತ. ಆಯಿಯ ಹೇರ್‌ಪಿನ್ನು ಬಾಗಿ ಹಿಡಿಕೆಗಳಾದವು. ಟೂತ್‌ಪೇಸ್ಟಿನ ಖಾಲಿ ಕೊಳವೆಯ ತಗಡು ಕತ್ತರಿಸಿ ಮಡ್‌ಗಾರ್ಡು, ನನ್ನ ರಬ್ಬರು ಕೊರೆದು ನೀರಿನ ಕ್ಯಾನು, ಮೋಟರಿನ ತಂತಿ ಹೊಸೆದು ಹಗ್ಗ. ಕಾದ ಸೂಜಿಯಿಂದ ದೀಪಗಳಿಗೆ ತೂತು ಕೊರೆದು, ಹಾಳಾದ ಟೇಪ್ ರೆಕಾರ್ಡರಿನಿಂದ ಕಿತ್ತ ಜೋಳದ ಕಾಳಿನಷ್ಟು ಬಲ್ಬುಗಳನ್ನು ಕೂಡಿಸಿದ. ನಾನು ಪಕ್ಕದಲ್ಲಿ ಮಗ್ಗಿ ಬರೆಯುತ್ತ, ಬರೆಯುವುದಕ್ಕಿಂತ ಹೆಚ್ಚು ನೋಡುತ್ತ ಕೂಡುತ್ತಿದ್ದೆ.

ಆಯಿಗೆ ಇದೆಲ್ಲ ಹುಡುಗಾಟವಾಗಿ ಕಾಣುತ್ತಿತ್ತು. ಇಷ್ಟು ವಯಸ್ಸಾದವನಿಗೆ ಆಟಗಿ ಸಾಮಾನು ಯಾಕೆ ಎಂದು ದಿನಕ್ಕೊಮ್ಮೆಯಾದರೂ ಕೆಣಕುವಳು. ಕಾಕಾನಿಗೆ ಆ ಶಬ್ದ ಒಂದೇ ಸೇರುತ್ತಿರಲಿಲ್ಲ. ಕನ್ನಡಕ ಮೇಲಕ್ಕೇರಿಸಿ, “ಆಟಗಿ ಸಾಮಾನಲ್ಲಬೇ ಇದು. ಹತ್ಯಾರ ಐತಿ, ಹತ್ಯಾರ,” ಎನ್ನುತ್ತಿದ್ದ. ನಮ್ಮ ಕಡೆ ಕುಡುಗೋಲೂ ಹತ್ಯಾರವೇ, ತೋಪೂ ಹತ್ಯಾರವೇ. ಆಯಿ ಕೊನೆಗೆ ಸೋತು, ಆಗಲಪ್ಪಾ ಹತ್ಯಾರವೇ ಅನ್ನು ಎಂದು ಒಪ್ಪಿಕೊಂಡಳು. ಇದರ ದೀಪ ಹತ್ತುವುದು ಯಾವಾಗ ಎಂದು ಅವಳು ಕೇಳಿದಾಗ ಕಾಕಾ ಹುಮ್ಮಸ್ಸಿನಲ್ಲಿ ಖಂಡೇನವಮಿಯ ಆಯುಧಪೂಜೆಗೆ ಹಚ್ಚಿ ತೋರಿಸುವುದಾಗಿ ಹೇಳಿಬಿಟ್ಟ. ಆಯಿಯ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತಿತ್ತು.

ಉಳಿದದ್ದು ಒಂದೇ ಕೆಲಸ. ಬಲ್ಬಿನಿಂದ ಇಳಿದ ಕೂದಲೆಳೆಯಂಥ ತಂತಿಯನ್ನು ಒಳಗಿನ ಸೆಲ್ಲಿಗೆ ಬೆಸೆಯಬೇಕು. ಆ ತಂತಿಯ ಮೈಮೇಲೆ ವಾರ್ನಿಷ್ ಇರುತ್ತದೆ. ಅದನ್ನು ಬ್ಲೇಡಿನಿಂದ ಕೆರೆಯದೆ ಬೆಸುಗೆ ಹಿಡಿಯುವುದಿಲ್ಲ, ತುಸು ಒತ್ತಿ ಕೆರೆದರೆ ತಂತಿಯೇ ಹರಿಯುತ್ತದೆ. ನವಮಿಗೆ ಇನ್ನೂ ತಿಂಗಳಿತ್ತು. ಒಂದು ಮಧ್ಯಾಹ್ನ ಅದು ಹರಿಯಿತು. ಮತ್ತೆ ಹೊಸದು ಹಾಕಿದ, ಅದೂ ಹರಿಯಿತು. ಏಳನೆಯದು ಹರಿದಾಗ ನಾನು ತಲೆ ಎತ್ತಿದೆ. ಬ್ಲೇಡು ಹಿಡಿದ ಅವನ ಬಲಗೈ ತನ್ನಷ್ಟಕ್ಕೆ ತಾನೇ ನಡುಗುತ್ತಿತ್ತು. ನಾನು ನೋಡಿದ್ದನ್ನು ನೋಡಿ ಆ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡ.

“ಯಾರ ಮುಂದೂ ಅನಬ್ಯಾಡ ಯವ್ವಾ. ಕೈ ನಡಗತೈತಿ ಅಂತ ತಿಳದ್ರ ಒಬ್ಬರೂ ಮೋಟರ್ ತರೂದಿಲ್ಲ.”

ನಾನು ಆಣೆ ಮಾಡಿದೆ. ಹತ್ತು ವರ್ಷದವಳಿಗೆ ದೊಡ್ಡವರ ಗುಟ್ಟು ಸಿಕ್ಕ ಹೆಮ್ಮೆ ಬೇರೆ. ಮೋಟರಿನ ದಪ್ಪ ತಂತಿಗೆ ಆ ನಡುಕ ಇನ್ನೂ ಅಡ್ಡಿ ಮಾಡುತ್ತಿರಲಿಲ್ಲ, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಎಂಟನೆಯ ಸಲ ಹಾಕಿದ ತಂತಿಗಳನ್ನು ಬೆಸೆಯದೆ ಹಾಗೇ ಜೋತುಬಿಟ್ಟು, ಟ್ಯಾಂಕಿಗೆ ಬಟ್ಟೆ ಹೊದಿಸಿ ಗೋಡೆಯ ಗೂಡಿನಲ್ಲಿಟ್ಟ. ಆಮೇಲೆ ಅದರ ಸುದ್ದಿಗೆ ಹೋಗಲಿಲ್ಲ. ಕೇಳಿದವರಿಗೆಲ್ಲ ನವಮಿ ಬರಲಿ ಎನ್ನುತ್ತಿದ್ದ. ನವಮಿ ಹತ್ತಿರ ಬಂದಂತೆ ಅವನ ಊಟ ಕಡಿಮೆಯಾಯಿತು.

ಖಂಡೇನವಮಿಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಆಯಿ ಬಚ್ಚಲಲ್ಲಿ ಕುಳಿತಿದ್ದಳು. ಕುಡುಗೋಲು, ಕಳೆ ತೆಗೆಯುವ ಕುರ್ಚಿಗಿ, ಇಕ್ಕಳ, ಸುತ್ತಿಗೆ ಎಲ್ಲ ಹುಣಸೆಹಣ್ಣು, ಬೂದಿ ಹಚ್ಚಿಸಿಕೊಂಡು ತೊಳೆಸಿಕೊಂಡಿದ್ದವು. ಅವುಗಳ ಸಾಲಿನಲ್ಲೇ ಟ್ಯಾಂಕೂ ಕುಳಿತಿತ್ತು. ಅದರ ಹಸಿರು ಬಣ್ಣ ಹೋಗಿ ಬೋಳು ಪ್ಲಾಸ್ಟಿಕ್ ಕಾಣುತ್ತಿತ್ತು, ಹಿಡಿಕೆ, ಹಗ್ಗ, ಕ್ಯಾನು ಒಂದೂ ಇರಲಿಲ್ಲ. ಹತ್ಯಾರವೆಂದ ಮೇಲೆ ತೊಳೆಯದೆ ಪೂಜೆಗಿಡುವುದು ಹೇಗೆ? ಬಾಗಿಲಿಗೆ ಬಂದು ನಿಂತ ಕಾಕಾನಿಗೆ ಅವಳು ಮುಖ ಅರಳಿಸಿ ಹೇಳಿದಳು:

“ಎಷ್ಟ ಕೂದಲಾ ಸಿಕ್ಕೊಂಡಿದ್ವೋ ಇದಕ್ಕ. ಎಲ್ಲಾ ಕಿತ್ತ ಒಗದೇನಿ ನೋಡ.”

ನಾನು ಕಾಕಾನ ಮುಖ ನೋಡಿದೆ. ಸಿಟ್ಟು ಬರುತ್ತದೆಂದು ಕಾಯ್ದೆ, ಬರಲಿಲ್ಲ. ಹೆಗಲ ಮೇಲಿನ ಚೀಲ ಇಳಿಸಿದವನ ಹಾಗೆ ಒಂದು ಉಸಿರು ಬಿಟ್ಟ. ಸಂಜೆ ದೀಪ ನೋಡಲು ಬಂದ ಓಣಿಯವರಿಗೆಲ್ಲ, ಅವ್ವ ತೊಳೆದುಬಿಟ್ಟಳು, ಇನ್ನೇನು ಹತ್ತುತ್ತದೆ ಎಂದು ನಗುತ್ತಲೇ ಹೇಳಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಊರವರನ್ನೆಲ್ಲ ಆಡಿಕೊಳ್ಳುತ್ತಿದ್ದ ಆಯಿ ಅಂದು ತಾನೇ ಡೊಂಕು ನೆಲವಾದಳು. ಮಗನ ಒಂದು ವರ್ಷದ ದುಡಿಮೆ ಬಚ್ಚಲಿಗೆ ಹೋಯಿತೆಂದು ಅವಳಿಗೆ ತಿಳಿದದ್ದು ಆಗಲೇ. ತಾನೇ ಮಾಡಿದ ಹೋಳಿಗೆಯನ್ನು ಅವಳು ಮುಟ್ಟಲಿಲ್ಲ. ನಾನು ಎರಡು ತಿಂದೆ.

ಆ ನೆಪದ ಮರೆಯಲ್ಲಿ ಕಾಕಾ ಇನ್ನೆರಡು ವರ್ಷ ಮೋಟರ್ ಕೆಲಸ ಮಾಡಿದ. ಆಮೇಲೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದು ಹೇಳಿ ಬಿಟ್ಟ. ಹಾಗೆ ಬಿಟ್ಟ ಮೇಲೆ ಬಹಳ ದಿನ ಬಾಳಲಿಲ್ಲ. ಕೊನೆಗೂ ಆಯಿಯ ಮೇಲೆ ಒಂದು ಒರಟು ಮಾತಾಡಿದವನಲ್ಲ, ನಿಜವನ್ನೂ ಹೇಳಿದವನಲ್ಲ. ಅವನ ಮೇಲೆ ನನಗೆ ಒಂದಷ್ಟು ಕಾಲ ಸಿಟ್ಟಿತ್ತು. ಈಗ ನನ್ನ ಮೇಲೆಯೇ ಹೆಚ್ಚು.

ಆಯಿ ಕಡೆಯ ದಿನಗಳನ್ನು ಸವದತ್ತಿಯಲ್ಲಿ ನಮ್ಮ ಜೊತೆ ಕಳೆದಳು. ಒಂದು ಮಧ್ಯಾಹ್ನ ಅವಳ ಕಾಲು ಒತ್ತುತ್ತಿದ್ದೆ. ಮಲಗಿದ್ದಾಳೆ ಅಂದುಕೊಂಡಿದ್ದೆ, ಇದ್ದಕ್ಕಿದ್ದಂತೆ ಕೇಳಿದಳು: “ಅಂವಾ ನನ್ನ ಮ್ಯಾಲ ಸಿಟ್ಟ ಇಟಗೊಂಡ ಹೋದ್ನೇನ?”

ಇಲ್ಲ ಆಯಿ, ಸಿಟ್ಟಿರಲಿಲ್ಲ ಅಂದೆ. ಅದು ನಿಜವೇ. ಅವಳು ತೊಳೆಯುವ ತಿಂಗಳ ಮೊದಲೇ ಆ ಕೆಲಸ ನಿಂತುಹೋಗಿತ್ತೆಂದು, ಆ ದೀಪ ಯಾರೂ ತೊಳೆಯದಿದ್ದರೂ ಹತ್ತುತ್ತಿರಲಿಲ್ಲವೆಂದು ಹೇಳಲು ಬಾಯಿ ತೆರೆದೆ. ಸತ್ತವನಿಗೆ ಮಾಡಿದ ಆಣೆ ನೆನಪಾಗಿ, ಮತ್ತೆ ಅವಳ ಕಾಲು ಒತ್ತತೊಡಗಿದೆ. ಆಯಿ, “ನೀ ನನ್ನ ಸಮಾಧಾನಕ್ಕ ಹೇಳತಿ ಬಿಡ,” ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.