ಮೊದಲ ಬಸ್ಸಿನ ಪ್ರಾರ್ಥನೆ

ಧಾರವಾಡದಿಂದ ಉಪ್ಪಿನಬೆಟಗೇರಿಗೆ ಬೆಳಿಗ್ಗೆ ಹೋಗುವ ಮೊದಲ ಬಸ್ಸಿನ ಡ್ರೈವರ್ ಎಲಿಷಾ ಒಳ್ಳೆಯ ಮನುಷ್ಯ. ಹಾಗೆಂದು ಎಲ್ಲರೂ ಹೇಳುತ್ತಾರೆ. ಅವನ ಹೆಂಡತಿ ಪ್ರಮೀಳಾ ಕೂಡ ಹೇಳುತ್ತಾಳೆ, ಆದರೆ "ಹಟಮಾರಿ" ಎಂಬ ಇನ್ನೊಂದು ಮಾತು ಸೇರಿಸದೆ ಬಿಡುವುದಿಲ್ಲ. ಐವತ್ತು ದಾಟಿದ ವಯಸ್ಸು, ಗುಡಾಣದಂಥ ಹೊಟ್ಟೆ, ಆ ಹೊಟ್ಟೆಯ ತಳದಿಂದ ಬರುವ ದಪ್ಪ ದನಿ. ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಮಗನಿಗೆ ಬಿಟ್ಟುಹೋದ ಆಸ್ತಿಯೆಂದರೆ ಯಂತ್ರಗಳ ಮೇಲಿನ ಪ್ರೀತಿ ಮತ್ತು ಯೇಸುಸ್ವಾಮಿಯ ಮೇಲಿನ ಭಕ್ತಿ. ಎರಡಕ್ಕೂ ಡ್ರೈವರನ ಸೀಟೇ ಸರಿಯಾದ ಜಾಗವೆಂದು ಎಲಿಷಾ ಎಳೆಯ ವಯಸ್ಸಿನಲ್ಲೇ ತೀರ್ಮಾನಿಸಿಬಿಟ್ಟ.

ಗಾಡಿ ಹೊರಡಿಸುವ ಮುಂಚೆ ಪ್ರತಿಯೊಬ್ಬ ಡ್ರೈವರಿಗೂ ಅವನದೇ ಪದ್ಧತಿ ಇರುತ್ತದೆ. ಒಬ್ಬ ಊದಿನಕಡ್ಡಿ ಬೆಳಗಿದರೆ ಇನ್ನೊಬ್ಬ ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಎಲಿಷಾ ಸ್ಟೇರಿಂಗಿನ ಮೇಲೆ ಹಣೆಯೂರಿ ಕಣ್ಣು ಮುಚ್ಚುತ್ತಿದ್ದ. ಪ್ರತಿ ಟ್ರಿಪ್ಪಿಗೂ. ಸದ್ದಿಲ್ಲ, ತುಟಿ ಕೂಡ ಅಲುಗುತ್ತಿರಲಿಲ್ಲ. ಕಂಡಕ್ಟರ್ ಜುಲ್ಫಿಕಾರ ಅಷ್ಟು ಹೊತ್ತು ಸೀಟಿ ಊದದೆ ಬಾಗಿಲಲ್ಲಿ ನಿಂತಿರುತ್ತಿದ್ದ. ಅವಸರ ಮಾಡುವವರಿಗೆ, "ತಡೀರಿ, ಅಣ್ಣ ಮ್ಯಾಲಿನವರ ಕೂಡ ಮಾತಾಡಾಕತ್ತಾನ" ಎನ್ನುತ್ತಿದ್ದ. ದಿನಾ ಕಾಯಿಪಲ್ಯೆಯ ಬುಟ್ಟಿಯೊಂದಿಗೆ ಉಪ್ಪಿನಬೆಟಗೇರಿಯಲ್ಲಿ ಹತ್ತಿ ಧಾರವಾಡದ ಮಾರ್ಕೆಟ್ಟಿಗೆ ಬರುವ ಈರವ್ವನಿಗೆ ಡ್ರೈವರನ ಹಿಂದಿನ ಸೀಟೇ ಆಗಬೇಕು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ. ಎಲಿಷಾ ತಲೆ ಬಾಗಿಸಿದಾಗ ಅವಳೂ ಜಗಿಯುವುದನ್ನು ನಿಲ್ಲಿಸುತ್ತಿದ್ದಳು.

ಡಿಸೆಂಬರ್ ಬಂತೆಂದರೆ ಎಲಿಷಾನ ದಪ್ಪ ದನಿಗೆ ಎಲ್ಲಿಲ್ಲದ ಬೇಡಿಕೆ. ಕ್ರಿಸ್‌ಮಸ್ಸಿಗೆ ಮುಂಚೆ ಚರ್ಚಿನ ತಂಡ ರಾತ್ರಿ ಹೊತ್ತು ಮನೆಮನೆಗೆ ಹೋಗಿ ಹಾಡುತ್ತದೆ. ಹೋದಲ್ಲೆಲ್ಲ ಹಾಡು, ಪ್ರಾರ್ಥನೆ, ಚಹಾ, ಕರ್ಚಿಕಾಯಿ. ಯಾರ ಮನೆಯನ್ನು ಬಿಟ್ಟರೂ ಅವರಿಗೆ ಮುಂದಿನ ಕ್ರಿಸ್‌ಮಸ್‌ವರೆಗೆ ಸಿಟ್ಟು. ಕಳೆದ ವರ್ಷ ಕೊನೆಯ ಮನೆಯ ಕರ್ಚಿಕಾಯಿ ತಿನ್ನುವಾಗ ಕೋಳಿ ಕೂಗಿತು. ಮನೆಗೆ ಬಂದವನೇ ಖಾಕಿ ಅಂಗಿ ಹಾಕಿಕೊಳ್ಳತೊಡಗಿದ ಗಂಡನನ್ನು ಪ್ರಮೀಳಾ ಬಾಗಿಲಲ್ಲೇ ತಡೆದಳು.

"ಇವತ್ತ ರಜಾ ಹಾಕ್ರಿ. ಕಣ್ಣು ಕೆಂಡ ಆಗ್ಯಾವ."

"ರಾತ್ರಿ ಪೂರಾ ಯಾರ ಹಾಡು ಹಾಡೇನಿ ನಾ? ಅಂವ ನೋಡ್ಕೋತಾನ ಬಿಡು."

"ದೇವರ ಮ್ಯಾಲೆ ಭಾರ ಹಾಕೂದು ಬ್ಯಾರೆ, ದೇವರ ಕೈಯಾಗ ಸ್ಟೇರಿಂಗ್ ಕೊಟ್ಟು ಮಲಗೂದು ಬ್ಯಾರೆ."

ಹಟಮಾರಿ ಎಂದೆನಲ್ಲ. ಹೊರಟೇಬಿಟ್ಟ.

ಬಸ್ಸು ಉಪ್ಪಿನಬೆಟಗೇರಿಯನ್ನು ಸುಸೂತ್ರವಾಗಿಯೇ ಮುಟ್ಟಿತು. ದಾರಿಯಲ್ಲಿ ಒಂದು ಕಡೆ ರೆಪ್ಪೆ ತಾನಾಗಿ ಇಳಿದದ್ದು, ಎದೆ ಝಲ್ಲೆಂದು ಎಚ್ಚರಾದದ್ದು ಅವನೊಬ್ಬನಿಗೇ ಗೊತ್ತು. ಊರಲ್ಲಿ ಬಸ್ಸು ತಿರುಗಿಸಿ ನಿಲ್ಲಿಸಿ, ಜನ ಹತ್ತಿದ ಮೇಲೆ ಎಂದಿನಂತೆ ಹಣೆಯೂರಿದ. "ಕರ್ತನೇ" ಎಂದದ್ದು ಅವನಿಗೆ ನೆನಪಿದೆ, ಮುಂದಿನದು ಇಲ್ಲ. ಜುಲ್ಫಿಕಾರ ಕಾದ, ಈರವ್ವ ಕಾದಳು. ಹಬ್ಬ ಹತ್ತಿರ ಬಂದಿದೆ, ಮಾತುಕತೆ ಜಾಸ್ತಿ ಇರುತ್ತದೆ ಎಂದುಕೊಂಡು ಇಬ್ಬರೂ ಸುಮ್ಮನಿದ್ದರು. ಅಂದು ಹೊಸದಾಗಿ ಹತ್ತಿದ್ದ ಪ್ರಯಾಣಿಕನೊಬ್ಬ ಮಾತ್ರ ಸುಮ್ಮನಿರದೆ ಮೊಬೈಲ್ ತೆಗೆದ. ಯಾರೋ ಹಿಂದಿನಿಂದ ಕೂಗಿದಾಗ ಎಲಿಷಾ ಬೆಚ್ಚಿ ಎದ್ದು, ಇಳಿದು ಹೋಗಿ ತಣ್ಣೀರಿನಲ್ಲಿ ಮುಖ ತೊಳೆದುಕೊಂಡು, ಖಡಕ್ ಚಹಾ ಕುಡಿದು ಬಂದು ಬಸ್ಸು ಬಿಟ್ಟ. ಮಧ್ಯಾಹ್ನದ ಹೊತ್ತಿಗೆ "ಡ್ರೈವರ್ ಸಾಹೇಬರ ಸುಖನಿದ್ರೆ" ಎಂಬ ವಿಡಿಯೋ ಊರೆಲ್ಲ ಸುತ್ತಾಡಿ ಡಿಪೋ ಮ್ಯಾನೇಜರ್ ಶಿವಯೋಗೀಶ ಅವರ ಮೊಬೈಲಿಗೂ ಬಂತು.

ಮರುದಿನ ಕರೆ ಬಂತು. ಡ್ಯೂಟಿಯಲ್ಲಿ ನಿದ್ದೆ ಮಾಡಿದ್ದು ನಿಜವೆಂದಾದರೆ ಸ್ಟೇರಿಂಗ್ ಕೈಬಿಟ್ಟು ಹೋಗುತ್ತದೆ. ಎಲಿಷಾನಿಗೆ ಬೇರೆ ಕೆಲಸ ಬರುವುದೂ ಇಲ್ಲ, ಬೇಕಾಗಿಯೂ ಇಲ್ಲ. ಅಳುಕುತ್ತ ಮ್ಯಾನೇಜರ ಕೋಣೆಗೆ ಹೋದರೆ ಅಲ್ಲಿ ಜುಲ್ಫಿಕಾರನ ಜೊತೆ ಈರವ್ವ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು. ಸಾಕ್ಷಿ ಹೇಳಲು ಬಂದಿದ್ದಳು.

"ಸಾಹೇಬ್ರ, ನಾ ದಿನಾ ಇವನ ಬೆನ್ನ ಹಿಂದ ಕೂಡಾಕಿ," ಎಂದಳು. "ಅದು ನಿದ್ದಿ ಅಲ್ರಿ, ಪ್ರಾರ್ಥನಾ. ಬಸವಣ್ಣನ ಆಣಿ."

ಶಿವಯೋಗೀಶರಿಗೂ ಹಗುರಾಯಿತು. "ಮುಗೀತಲ್ಲ ಹಂಗಾರ. ಎಲಿಷಾ, ಪ್ರಾರ್ಥನಾ ಮಾಡಾಕತ್ತಿದ್ದೆ ಅಂತ ನೀವು ಒಂದು ಮಾತು ಹೇಳಿಬಿಡ್ರಿ. ಮುಂದಿಂದು ನಾ ನೋಡ್ಕೋತೇನಿ."

ಎಂಥ ಸಲೀಸಾದ ದಾರಿ! ಮೇಲಾಗಿ ಅರ್ಧ ನಿಜ ಕೂಡ. ಎಲಿಷಾನ ಬಾಯಿ "ಹೌದ್ರಿ" ಎನ್ನಲು ತೆರೆದೇಬಿಟ್ಟಿತ್ತು. ಆದರೆ ಯಾರ ಮುಂದೆ ದಿನಾ ತಲೆ ಬಾಗಿಸುತ್ತಾನೋ ಅವನ ಹೆಸರನ್ನೇ ಎಳೆದು ತನ್ನ ನಿದ್ದೆಗೆ ಹೊದಿಸಬೇಕೆ? ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು ಅವನಿಗೆ.

"ಪ್ರಾರ್ಥನಾ ಅಂತ ಶುರು ಮಾಡಿದ್ದು ಖರೇರಿ. ಆದ್ರ ಆವತ್ತ ನನಗ ನಿದ್ದಿ ಹತ್ತಿತ್ತು. ನಿಂತ ಬಸ್ಸಿನ್ಯಾಗ ಮಲಗಿದ್ದು ದೊಡ್ಡದಲ್ರಿ ಸಾಹೇಬ್ರ. ಅದಕ್ಕೂ ಮೊದಲ, ಇಲ್ಲಿಂದ ಹೋಗೂಮುಂದ, ದಾರ್ಯಾಗ ನನ್ನ ಕಣ್ಣು ಮುಚ್ಚಿತ್ತು. ಅದನ್ನ ಯಾರೂ ವಿಡಿಯೋ ಮಾಡಿಲ್ಲ. ನಿದ್ದಿಗೆಟ್ಟು ಗಾಡಿ ಹತ್ತಬಾರದಿತ್ತು. ಹತ್ತಿದೆ."

ಜುಲ್ಫಿಕಾರ ತಲೆ ಚಚ್ಚಿಕೊಂಡ. ಈರವ್ವನ ಮುಖ ಕೆಂಪಾಯಿತು. "ಅಲ್ಲೋ ತಮ್ಮಾ, ಈಗರ ಆಣಿ ಮಾಡೇನಲ್ಲೋ ನಾ."

"ತಪ್ಪಾತಬೇ ಯವ್ವಾ," ಎಂದ ಎಲಿಷಾ.

ಸುಳ್ಳು ಹೇಳುವವರನ್ನು ಹಿಡಿಯುವುದು ಶಿವಯೋಗೀಶರಿಗೆ ರೂಢಿಯಾಗಿತ್ತು. ಕೇಳದ ತಪ್ಪನ್ನೂ ತಂದು ಮುಂದಿಡುವವನನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಒಂದು ತಿಂಗಳು ಸ್ಟೇರಿಂಗ್ ಮುಟ್ಟುವಂತಿಲ್ಲ, ಡಿಪೋದಲ್ಲಿ ಬಸ್ಸು ತೊಳೆಯಬೇಕು, ಆಮೇಲೆ ನೋಡೋಣ ಎಂದರು.

ಆ ತಿಂಗಳು ಡಿಪೋದ ಬಸ್ಸುಗಳು ಮದುಮಕ್ಕಳಂತೆ ಹೊಳೆದವು. ಪೈಪು ಹಿಡಿದು ಎಲಿಷಾ ಕ್ರಿಸ್‌ಮಸ್ ಹಾಡುಗಳನ್ನೆಲ್ಲ ಹಾಡಿ ಮುಗಿಸಿದ. ಮೆಕ್ಯಾನಿಕ್‌ಗಳಿಗೂ ಪಲ್ಲವಿ ಬಾಯಿಪಾಠವಾಯಿತು. ಪ್ರಮೀಳಾ ಒಂದು ಸಲವೂ "ನಾ ಹೇಳಿರಲಿಲ್ಲೇನು" ಎನ್ನಲಿಲ್ಲ. ಹಾಗೆನ್ನದಿರಲು ಅವಳು ಪಡುತ್ತಿದ್ದ ಕಷ್ಟ ಮುಖದ ಮೇಲೇ ಕಾಣುತ್ತಿತ್ತು. ಎಲಿಷಾನ ಅಂಜಿಕೆ ಈಗ ಬೇರೆಯಾಗಿತ್ತು. ಸ್ಟೇರಿಂಗ್ ಸಿಕ್ಕೀತು, ಆದರೆ ಜನ ನಂಬಿ ಹಿಂದೆ ಕೂತಾರೆಯೇ?

ಸ್ಟೇರಿಂಗ್ ಸಿಕ್ಕಿತು. ಜನವರಿಯ ಚಳಿಯಲ್ಲಿ, ಕಣ್ತುಂಬ ನಿದ್ದೆ ಮಾಡಿ, ಉಪ್ಪಿನಬೆಟಗೇರಿಗೆ ಬಂದು ಬಸ್ಸು ತಿರುಗಿಸಿದ. ಜನ ಹತ್ತಿದರು. ಈರವ್ವನೂ ಹತ್ತಿ ತನ್ನ ಸೀಟಿನಲ್ಲೇ ಕೂತಳು, ಮಾತಾಡಿಸಲಿಲ್ಲ. ಎಲ್ಲರ ಕಣ್ಣು ತನ್ನ ತಲೆಯ ಮೇಲಿರುವುದು ಎಲಿಷಾನಿಗೆ ಗೊತ್ತು. ತಲೆ ಬಾಗಿಸಿದರೆ ನಗುತ್ತಾರೆ ಎನಿಸಿತು. ಬಾಗಿಸದೆ ಗಾಡಿ ಬಿಡುವುದು ಅವನಿಂದಾಗದು. ನಕ್ಕರೆ ನಗಲಿ ಎಂದು ಹಣೆಯೂರಿದ.

ಹಿಂದಿನಿಂದ ಈರವ್ವನ ದನಿ ಬಂತು. "ಎಲಿಷಾ, ಬಾಯಿ ಬಿಟ್ಟು ಮಾಡು. ಎಚ್ಚರ ಅದಿಯೋ ಇಲ್ಲೋ ನಮಗ ತಿಳೀಬೇಕು."

ಬಸ್ಸು ತುಂಬ ನಗು ಎದ್ದಿತು. ಎಲಿಷಾನೂ ನಕ್ಕ. ಮಾತು ನ್ಯಾಯವಾದದ್ದೇ ಆಗಿತ್ತು. ಚರ್ಚಿನಲ್ಲಾದರೆ ಪ್ರಾರ್ಥನೆಗೆ ಪುಸ್ತಕದ ಕನ್ನಡ. ಬಸ್ಸಿನಲ್ಲಿ ಅವನು ದೇವರ ಹತ್ತಿರ ಮನೆಯ ಮಾತೇ ಆಡುತ್ತಿದ್ದ. ಅದನ್ನೇ ಈಗ ಗಟ್ಟಿಯಾಗಿ ಆಡಿದ.

"ಕರ್ತನೇ, ಈರವ್ವಗ ಮೊಣಕಾಲು ಭಾಳ ನೋಯ್ತಾವ, ಬುಟ್ಟಿ ಹೊರೂಮುಂದ ಅಕಿ ಕೈ ಹಿಡಿ. ಅಕಿ ಕೊತಂಬ್ರಿ ಬಾಡೂದ್ರೊಳಗ ಮಾರಾಟ ಆಗ್ಲಿ. ಜುಲ್ಫಿಕಾರನ ಮಗಳು ಹುಮಾಗ ಪರೀಕ್ಷಾ ಅದಾವ, ಓದಿದ್ದು ನೆನಪಿನ್ಯಾಗ ಇಡು. ಕಿಡಕಿ ಹತ್ರ ಕುಂತ ಅಜ್ಜನ ಕೆಮ್ಮು ಆರಾಮ ಮಾಡು. ಇವರಿಗೆಲ್ಲ ಮನ್ಯಾಗ ದಾರಿ ಕಾಯೋರು ಅದಾರ, ಹುಷಾರಾಗಿ ಮುಟ್ಟಸು. ನನ್ನ ಕಣ್ಣು ತೆರದಿಡು. ಆಮೆನ್."

ನಗು ನಿಂತುಹೋಗಿತ್ತು. ಜುಲ್ಫಿಕಾರ ಸೀಟಿ ಬಾಯಲ್ಲಿಟ್ಟುಕೊಂಡು ಊದುವುದನ್ನೇ ಮರೆತಿದ್ದ. ಈರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ದಿನಾ ಇದನ್ನ ಹೇಳ್ತಿದ್ದೇನೋ?"

"ಹೌದಬೇ ಯವ್ವಾ. ಹೆಚ್ಚುಕಡಿಮಿ ಇದನ್ನ."

ಈರವ್ವ ಮುಂದಕ್ಕೆ ಬಾಗಿದಳು. "ನನ್ನ ಸೊಸಿಗೆ ದಿನ ತುಂಬ್ಯಾವ. ಅಕೀನ್ನೂ ಸೇರಸು. ಭಾಗ್ಯಶ್ರೀ ಅಂತ ಅಕಿ ಹೆಸರು."

ಎಲಿಷಾ ಮತ್ತೆ ಹಣೆಯೂರಿದ. ಕಿಟಕಿಯ ಪಕ್ಕದ ಅಜ್ಜ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ, ಜುಲ್ಫಿಕಾರ ಟಿಕೆಟ್ ಚೀಲ ಎದೆಗೊತ್ತಿಕೊಂಡು ಕಣ್ಣು ಮುಚ್ಚಿದ. ಅಂದು ಮೊದಲ ಬಸ್ಸು ತಡವಾಗಿ ಹೊರಟಿತು, ಅದಕ್ಕೆ ಯಾರೂ ತಕರಾರು ಮಾಡಲಿಲ್ಲ.