ಒರೆಗಲ್ಲಪ್ಪನವರ ಜಪಾನಿ ಗಾಡಿ

ತಾವು ಹೇಳಿದ ಬೆಲೆಗೆ ಮಾರುವವರು ತಕ್ಷಣ ಒಪ್ಪಿಬಿಟ್ಟರೆ ಒರೆಗಲ್ಲಪ್ಪನವರ ತಲೆಯಲ್ಲಿ ಹುಳ ಹೊಕ್ಕಂತಾಗುತ್ತದೆ. ಅದು ಅವರ ತಪ್ಪಲ್ಲ, ಕೆಲಸ ಅಂಥದ್ದು. ಬ್ಯಾಂಕಿನಲ್ಲಿ ಒತ್ತೆ ಇಡಲು ಜನ ತರುವ ಒಡವೆಗಳನ್ನು ಕಪ್ಪು ಕಲ್ಲಿಗೆ ಉಜ್ಜಿ, ಭೂತಗನ್ನಡಿಯಲ್ಲಿ ನೋಡಿ, ಇದು ಚಿನ್ನ, ಇದು ಬರೀ ಬಣ್ಣ ಎಂದು ಹೇಳುವುದನ್ನು ಇಪ್ಪತ್ತಾರು ವರ್ಷದಿಂದ ಮಾಡಿಕೊಂಡು ಬಂದಿದ್ದಾರೆ. ಬ್ಯಾಂಕಿನವರು ಬೆನ್ನ ಹಿಂದೆ ಇಟ್ಟ ಹೆಸರು ಒರೆಗಲ್ಲಪ್ಪ. ಈಗ ಎದುರಿಗೂ ಅದೇ. ಮದುವೆಯಾದ ಮೂರನೇ ದಿನ ಹೆಂಡತಿಯ ಬಳೆಗಳನ್ನು ಕಲ್ಲಿಗೆ ಉಜ್ಜಿ ನೋಡಿದರೆಂಬ ಮಾತು ಸುಳ್ಳಲ್ಲ. ಅವು ಅಪ್ಪಟವಾಗಿದ್ದವು. ಆ ಸಂತೋಷವನ್ನು ಅವರು ಮಾವನವರಿಗೆ ತಿಳಿಸಿಯೂ ಬಿಟ್ಟರು. ಮಾವನವರು ಎಷ್ಟೋ ವರ್ಷ ಅಳಿಯನ ಜೊತೆ ಹವಾಮಾನದ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ.

ಇಂಥವರಿಗೆ ಐವತ್ತೊಂದನೇ ವಯಸ್ಸಿನಲ್ಲಿ ಒಂದು ಹಳೇ ಜಪಾನಿ ಮೋಟಾರ್ ಸೈಕಲ್ಲಿನ ಮೇಲೆ ಮನಸ್ಸಾಯಿತು. ಎರಡು ಸಿಲಿಂಡರಿನ, ಎರಡು ಹೊಗೆಕೊಳವೆಯ ಗಾಡಿ. ಅದರ ಕಾಲದಲ್ಲೇ ಅದನ್ನು ಯಾರೂ ಮೆಚ್ಚಿರಲಿಲ್ಲ. ಪೆಟ್ರೋಲು ಕುಡಿಯುತ್ತದೆ, ಹೊಗೆ ಉಗುಳುತ್ತದೆ, ಸಂಸಾರಸ್ಥರ ಗಾಡಿಯಲ್ಲ ಎಂದು ಊರೆಲ್ಲ ತೀರ್ಮಾನಿಸಿತ್ತು. ಆದರೆ ಕಾಲೇಜಿನ ದಿನಗಳಲ್ಲಿ ಒಮ್ಮೆ, ಇವರು ಸೈಕಲ್ಲಿನ ಚೈನು ಹಾಕುತ್ತ ಬಗ್ಗಿದ್ದಾಗ, ಅಂಥದ್ದೊಂದು ಪಕ್ಕದಲ್ಲೇ ಹಾದು ಹೋಗಿತ್ತು. ಆ ಸದ್ದು ಕಿವಿಯಲ್ಲಿ ಕೂತುಬಿಟ್ಟಿತ್ತು. ಎರಡು ಬೀದಿಯಾಚೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಹಿತ್ತಲಿನಲ್ಲಿ ಒಂದು ಬಿದ್ದಿದೆಯೆಂದು ತಿಳಿದಾಗ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ನೀರಿನ ತೊಟ್ಟಿಯ ಹಿಂದೆ ಗಾಡಿ ನಿಂತಿತ್ತು. ಸೀಟಿನ ಮೇಲೆ ಒಂದು ಕೋಳಿ ಮೊಟ್ಟೆಯಿಡಲು ಕೂತಿತ್ತು, ಇವರನ್ನು ನೋಡಿಯೂ ಏಳಲಿಲ್ಲ. ಮೇಷ್ಟ್ರು ಒಳಗಿನಿಂದ ಎಲ್ಲ ಕಾಗದಪತ್ರ, ಎರಡೂ ಕೀಲಿಕೈ, ಗಾಡಿಯ ಜೊತೆ ಬಂದಿದ್ದ ಸ್ಪ್ಯಾನರುಗಳ ಚೀಲ ತಂದು ಮುಂದಿಟ್ಟರು. ಸಾಲದ್ದಕ್ಕೆ ಗಾಡಿಯಲ್ಲಿರುವ ದೋಷಗಳನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಬರೆದ ಒಂದು ಹಾಳೆಯನ್ನೂ ಕೊಟ್ಟರು.

ಒರೆಗಲ್ಲಪ್ಪನವರಿಗೆ ಅನುಮಾನ ಬಂದದ್ದೇ ಆಗ. ಇಷ್ಟೊಂದು ದೋಷ ತಾವಾಗಿ ಹೇಳುವ ಮನುಷ್ಯ ಹೇಳದೆ ಉಳಿಸಿಕೊಂಡದ್ದು ಎಷ್ಟಿರಬೇಡ? ಮೂರು ಸಲ ಹೋಗಿ ಬಂದರು. ಚಾಸಿ ನಂಬರನ್ನು ಭೂತಗನ್ನಡಿಯಲ್ಲಿ ಓದಿದರು, ಟ್ಯಾಂಕಿಗೆ ಅಯಸ್ಕಾಂತ ಹಚ್ಚಿ ನೋಡಿದರು. ಮೂರನೇ ಸಲ ಮೇಷ್ಟ್ರು ತಣ್ಣಗೆ ಅಂದರು: "ನೋಡಪ್ಪಾ, ನಿಂಗೆ ಬೇಡ ಅಂದ್ರೆ ಗುಜರಿಯವನು ಗುರುವಾರ ಬರ್ತಾನೆ. ಅವನು ಇಷ್ಟು ಪ್ರಶ್ನೆ ಕೇಳಲ್ಲ." ಬುಧವಾರ ಗಾಡಿ ಇವರದಾಯಿತು.

ರಿಪೇರಿಗೆ ನಾಲ್ಕು ಗ್ಯಾರೇಜು ಸುತ್ತಿದರು. ಮೂರು ಕಡೆ ನಕ್ಕರು. ನಾಲ್ಕನೆಯದು ಎಪ್ಪತ್ತರ ಹತ್ತಿರದ ಒಬ್ಬ ಮೇಸ್ತ್ರಿಯದು. ಒಂದು ಬಾಗಿಲಿನ ಅಂಗಡಿ, ಗೋಡೆಯ ಮೇಲೆ ಪ್ರತಿ ಸ್ಪ್ಯಾನರಿನ ಆಕಾರಕ್ಕೂ ಬಣ್ಣದಲ್ಲಿ ಗೆರೆ ಎಳೆದು ಅದರದರ ಜಾಗದಲ್ಲಿ ತೂಗುಹಾಕಿದ್ದರು. ಮೇಸ್ತ್ರಿ ಗಾಡಿಯ ಸುತ್ತ ಒಂದು ಸುತ್ತು ಬಂದು, ಒದ್ದೆ ಕಣ್ಣು ಒರೆಸಿಕೊಂಡರು. ಅದು ಭಾವುಕತೆಯೋ, ಈಚೆಗೆ ಆಯಿತೆಂದು ಅವರೇ ಹೇಳಿದ ಕಣ್ಣಿನ ಆಪರೇಷನ್ನಿನ ಉಳಿಕೆಯೋ ಒರೆಗಲ್ಲಪ್ಪನವರಿಗೆ ತಿಳಿಯಲಿಲ್ಲ. ಎರಡನ್ನೂ ನಂಬಲಿಲ್ಲ.

ಮೇಸ್ತ್ರಿ ಮಾತಿನ ನಡುವೆ ತಮ್ಮ ಕಥೆ ಹೇಳಿದರು. ಅಪ್ಪನ ಕಣ್ಣು ಹೋಯಿತು, ಕೈಯ ಹದವೂ ಹೋಯಿತು, ಅಂಗಡಿ ಮುಚ್ಚಲಿ ಎಂದು ಮಗಳು ವರ್ಷದಿಂದ ಹೇಳುತ್ತಿದ್ದಾಳೆ. ಈ ಗಾಡಿ ಸ್ಲೋದಲ್ಲಿ ನಿಂತರೆ, ಅಂದರೆ ಆಕ್ಸಿಲರೇಟರ್ ಬಿಟ್ಟ ಮೇಲೂ ಆರದೆ ಸಣ್ಣಗೆ ಓಡುತ್ತ ನಿಂತರೆ, ಕೈ ಇನ್ನೂ ಇದೆ ಎಂದರ್ಥ. ನಿಲ್ಲದಿದ್ದರೆ ಮಗಳು ಹೇಳಿದ್ದೇ ಸರಿ, ಬೀಗದಕೈ ಅವಳಿಗೆ. ಹೀಗೆಂದು ಮಗಳಿಗೆ ಮಾತು ಕೊಟ್ಟೂ ಆಗಿತ್ತು.

ಒಳ್ಳೆಯ ಕಥೆ ಎಂದುಕೊಂಡರು ಒರೆಗಲ್ಲಪ್ಪನವರು. ಒತ್ತೆ ಇಡಲು ಬರುವವರೂ ಹೀಗೇ ಶುರುಮಾಡುತ್ತಾರೆ.

ಶನಿವಾರ ಮಧ್ಯಾಹ್ನ ಮೇಸ್ತ್ರಿ ಎಂಜಿನ್ನನ್ನು ಪೂರ್ತಿ ಬಿಚ್ಚಿ ಬಟ್ಟೆಯ ಮೇಲೆ ಹರಡಿ, "ನೋಡ್ಕೊಂಡಿರಿ ಸಾರ್, ಊಟ ಮಾಡ್ಕೊಂಡ್ ಬರ್ತೀನಿ" ಎಂದು ಹೋದರು. ಒರೆಗಲ್ಲಪ್ಪನವರು ನೋಡಿಕೊಂಡರು. ನೋಡಿಕೊಳ್ಳುತ್ತಲೇ ಜೇಬಿನಿಂದ ಗುರುತು ಹಾಕುವ ಉಕ್ಕಿನ ಮೊಳೆ, ಪುಟ್ಟ ಸುತ್ತಿಗೆ ತೆಗೆದರು. ಅಸಲಿ ಜಪಾನಿ ಭಾಗ ತೆಗೆದು ನಕಲಿ ಕೂರಿಸುವುದು ಎಷ್ಟು ಹೊತ್ತಿನ ಕೆಲಸ? ಒಂದೊಂದು ಭಾಗಕ್ಕೂ ಮೂರು ಚುಕ್ಕಿ. ಹೊರಗೆ ಚುಚ್ಚಿದರೆ ಕಳ್ಳನಿಗೆ ಕಂಡುಬಿಡುತ್ತದೆ. ಆದ್ದರಿಂದ ಎಲ್ಲಿ ಎರಡು ಭಾಗ ಒಂದಕ್ಕೊಂದು ಕೂತು ಮುಚ್ಚಿಹೋಗುತ್ತವೋ ಆ ನುಣುಪಾದ ಅಂಚುಗಳನ್ನೇ ಹುಡುಕಿ ಚುಚ್ಚಿದರು. ಮುಚ್ಚಿಹೋದ ಗುರುತನ್ನು ತಾವಾದರೂ ಹೇಗೆ ನೋಡುವುದು ಎಂಬ ಪ್ರಶ್ನೆ ಹೊಳೆಯಲಿಲ್ಲ. ಮೇಸ್ತ್ರಿ ಬಾಯಿ ಒರೆಸಿಕೊಳ್ಳುತ್ತ ಬರುವ ಹೊತ್ತಿಗೆ ಮೂವತ್ತೊಂದು ಭಾಗ ಮುಗಿದಿತ್ತು.

ಅಂದು ಮನೆಗೆ ಬಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿದರು. ಆಕೆ ಬಟ್ಟೆ ಮಡಿಸುತ್ತಿದ್ದವರು ತಲೆ ಎತ್ತದೆ, "ರೀ, ನನ್ನ ಮೇಲೆ ಎಲ್ಲಾದ್ರೂ ಮೂರು ಚುಕ್ಕಿ ಇದ್ರೆ ಈಗಲೇ ಹೇಳಿಬಿಡಿ" ಎಂದರು.

ಎಂಜಿನ್ನು ಕೂಡಿತು. ಬೇರಿಂಗ್, ಸೀಲು, ವಯರು ಎಲ್ಲ ಹೊಸದು. ಎಂಟನೇ ಒದೆತಕ್ಕೆ ಗಾಡಿ ಕೆಮ್ಮಿ ಎದ್ದಿತು. ಕಾಲೇಜಿನ ಸದ್ದು ಬಂತು, ಒರೆಗಲ್ಲಪ್ಪನವರಿಗೆ ಮೈ ಜುಮ್ಮೆಂದಿತು. ಮರುಕ್ಷಣ ಎಂಜಿನ್ನು ಯಾರೂ ಮುಟ್ಟದೆಯೇ ಹುಚ್ಚು ಹಿಡಿದಂತೆ ಕಿರುಚಿ, ಏರಿ ಏರಿ, ಪಟ್ಟೆಂದು ಆರಿತು. ಸ್ಲೋದಲ್ಲಿ ನಿಲ್ಲಲಿಲ್ಲ.

ಎಲ್ಲಿಂದಲೋ ಗಾಳಿ ಎಳೀತಿದೆ ಎಂದರು ಮೇಸ್ತ್ರಿ. ಕಾರ್ಬುರೇಟರು ಬಿಚ್ಚಿದರು, ತೊಳೆದರು, ಹಾಕಿದರು. ಸೀಲು ಮತ್ತೊಮ್ಮೆ ಬದಲಾಯಿಸಿದರು. ಮೂರು ವಾರ ಅದೇ ಕಿರುಚಾಟ. ಮೇಸ್ತ್ರಿಯ ಮಾತು ಕಡಿಮೆಯಾಯಿತು. ಮೊದಲು ಒಂದೇ ಸಲಕ್ಕೆ ಬಿಗಿಯುತ್ತಿದ್ದ ನಟ್ಟನ್ನು ಈಗ ಬಿಗಿದು, ತಿರುಗಿ ಬಂದು ಮತ್ತೆ ಮುಟ್ಟಿ ನೋಡುತ್ತಿದ್ದರು. ತಮ್ಮ ಕೈಯನ್ನು ತಾವೇ ನಂಬದವರ ಹಾಗೆ. ಅದನ್ನು ಕಂಡು ಒರೆಗಲ್ಲಪ್ಪನವರ ಅನುಮಾನ ಗಟ್ಟಿಯಾಯಿತು. ತಪ್ಪು ಮಾಡಿದವರೇ ಹಾಗೆ ಪದೇಪದೇ ನೋಡುವುದು. ಎಲ್ಲವನ್ನೂ ಪುನಃ ಬಿಚ್ಚಿ ಎಂದು ಇವರು ಕೇಳಬೇಕೆಂದಿದ್ದಾಗ ಮೇಸ್ತ್ರಿಯೇ ಬಿಚ್ಚಿದರು.

ಒರೆಗಲ್ಲಪ್ಪನವರು ಭೂತಗನ್ನಡಿ ಹಿಡಿದು ಬಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಮೂರು ಚುಕ್ಕಿ. ಮೂರು ಚುಕ್ಕಿ. ಇಲ್ಲೂ ಮೂರು ಚುಕ್ಕಿ. ಮೂವತ್ತೊಂದೂ ಇದ್ದವು. ಗುರುತು ಹಾಕಿದ ಒಂದು ಭಾಗವೂ ಬದಲಾಗಿರಲಿಲ್ಲ. ಇಷ್ಟು ಖಚಿತವಾಗಿ ಅಪ್ಪಟವೆಂದು ತಿಳಿದು ಅವರಿಗೆ ಸ್ವಲ್ಪ ನಿರಾಸೆಯೇ ಆಯಿತು. ಕೊನೆಗೆ ಎಂಜಿನ್ ಪೆಟ್ಟಿಗೆಯ ಎರಡು ಹೋಳುಗಳು ಕೂಡುವ ಅಂಚಿಗೆ ಬಂದರು. ಅಲ್ಲಿ ಚುಕ್ಕಿಗಳ ಸುತ್ತ ಲೋಹ ಸಣ್ಣ ಬಳೆಯಂತೆ ಎದ್ದಿತ್ತು. ಅದರ ಪಕ್ಕದಿಂದ ಹೊರಕ್ಕೆ, ಕೂದಲೆಳೆಯಷ್ಟು ದಪ್ಪದ ಕಪ್ಪು ಎಣ್ಣೆಗೆರೆ.

ಮೊಳೆ ಹೊಡೆದರೆ ಲೋಹ ಒಳಗೆ ಹೋಗುವುದಷ್ಟೇ ಅಲ್ಲ, ಸುತ್ತ ಏಳುತ್ತದೆ. ಒಡವೆಯ ಮೇಲಿನ ಮುದ್ರೆ ಅಸಲಿಯೋ ನಕಲಿಯೋ ಎಂದು ಅವರು ದಿನಾ ಪತ್ತೆಹಚ್ಚುವುದೇ ಆ ಏರನ್ನು ನೋಡಿ. ಎರಡು ಹೋಳುಗಳ ನಡುವೆ ಆ ಏರು ಕೂತು ಬಾಯಿ ಬಿಡಿಸಿತ್ತು. ಗಾಳಿ ಎಳೆಯುತ್ತಿದ್ದದ್ದು ಅಲ್ಲಿಂದಲೇ.

ಮೇಸ್ತ್ರಿಗೆ ಅದು ಕಾಣುತ್ತಿರಲಿಲ್ಲ. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು, ಕೈಯನ್ನು ಬಟ್ಟೆಗೆ ಒರೆಸುತ್ತಲೇ ಇದ್ದರು. "ಸಾರ್, ಗಾಡಿ ತಗೊಂಡ್ ಹೋಗ್ಬಿಡಿ. ದುಡ್ಡು ಬೇಡ. ಮಗಳು ಹೇಳಿದ್ದು ಸರಿ. ನಾಳೆ ಕೀ ಕೊಟ್ಬಿಡ್ತೀನಿ."

ಒರೆಗಲ್ಲಪ್ಪನವರು ಸುಮ್ಮನಿರಬಹುದಿತ್ತು. ಎಣ್ಣೆ ಒರೆಸಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೇರೆ ಊರಿನ ಬೇರೆ ಮೇಸ್ತ್ರಿಗೆ ಗುಟ್ಟಾಗಿ ಕೊಟ್ಟು ಸರಿಮಾಡಿಸಬಹುದೆಂಬ ಯೋಚನೆಯೂ ಬಂದು ಹೋಯಿತು. ನಕಲಿ ಒಡವೆ ತಂದವರು ಕೌಂಟರಿನ ಆಚೆ ಹೇಗೆ ನಿಂತಿರುತ್ತಾರೆಂದು ಅವರಿಗೆ ಗೊತ್ತು. ಕಣ್ಣು ಕಲ್ಲಿನ ಮೇಲಿರುತ್ತದೆ, ಕಾಲು ಬಾಗಿಲ ಕಡೆಗಿರುತ್ತದೆ. ತಮ್ಮ ಕಾಲು ನೋಡಿಕೊಂಡರು. ಬಾಗಿಲ ಕಡೆಗೇ ಇತ್ತು.

ಎದ್ದು ಹೋಗಿ ಭೂತಗನ್ನಡಿಯನ್ನೂ ಆ ಹೋಳನ್ನೂ ಮೇಸ್ತ್ರಿಯ ಕೈಗೆ ಕೊಟ್ಟರು. "ಇಲ್ಲಿ ನೋಡಿ."

ಮೇಸ್ತ್ರಿ ಬಹಳ ಹೊತ್ತು ನೋಡಿದರು. "ಈ ಚುಕ್ಕಿ ಕಂಪನಿಯೋರದಲ್ಲ."

"ಅಲ್ಲ. ನಂದು."

"ಯಾಕೆ?"

"ನೀವು ಬದಲಾಯಿಸಿಬಿಡ್ತೀರಿ ಅಂತ."

ಮೇಸ್ತ್ರಿ ಭೂತಗನ್ನಡಿಯನ್ನು ಹಿಂದಕ್ಕೆ ಕೊಟ್ಟರು. ಆಮೇಲೆ, ಸಿಟ್ಟೂ ಇಲ್ಲದೆ, ನಗುವೂ ಇಲ್ಲದೆ ಕೇಳಿದರು: "ಬದಲಾಯಿಸೋಕೆ ಇನ್ನೊಂದು ಗಾಡಿ ಎಲ್ಲಿದೆ ಸಾರ್ ಈ ಊರಲ್ಲಿ?"

ಒರೆಗಲ್ಲಪ್ಪನವರು ಇದನ್ನು ಯೋಚಿಸಿರಲಿಲ್ಲ.

"ಇಂಥ ಚುಕ್ಕಿ ಎಷ್ಟು ಭಾಗಕ್ಕಿದೆ?" ಎಂದರು ಮೇಸ್ತ್ರಿ.

"ಮೂವತ್ತೊಂದು."

ಮೇಸ್ತ್ರಿ ಎದ್ದರು. ಒಂದು ದಪ್ಪ ಗಾಜಿನ ಹಲಗೆ ತಂದು ಬೆಂಚಿನ ಮೇಲಿಟ್ಟು, ಅದರ ಮೇಲೆ ನುಣುಪಾದ ಉಪ್ಪುಕಾಗದ ಹಾಸಿ, ಎಣ್ಣೆ ಹನಿಸಿದರು. "ಉಜ್ಜಿ. ನಿಮಗೆ ಉಜ್ಜಿ ಅಭ್ಯಾಸ ಇದೆಯಲ್ಲ."

ನಾಲ್ಕು ಭಾನುವಾರ ಒರೆಗಲ್ಲಪ್ಪನವರು ತಮ್ಮ ಚುಕ್ಕಿಗಳ ಏರನ್ನು ತಾವೇ ಉಜ್ಜಿ ಇಳಿಸಿದರು. ಅವಸರ ಮಾಡಿದರೆ ಮೇಸ್ತ್ರಿ ಅಂಚಿನ ಮೇಲೆ ಬೆರಳಾಡಿಸಿ, ಇನ್ನೂ ಇದೆ ಎಂದು ಹಿಂದಕ್ಕೆ ಕೊಡುತ್ತಿದ್ದರು. ಭೂತಗನ್ನಡಿಯಲ್ಲಿ ಏನೂ ಕಾಣದಿದ್ದರೂ ಆ ಬೆರಳಿಗೆ ಕಾಣುತ್ತಿತ್ತು. ಮೊದಲೆರಡು ಸಲ ಒರೆಗಲ್ಲಪ್ಪನವರು ನಂಬದೆ ಮತ್ತೆ ಪರೀಕ್ಷಿಸಿದರು. ಮೂರನೇ ಸಲ ಸುಮ್ಮನೆ ಇಸಿದುಕೊಂಡು ಉಜ್ಜಿದರು. ಇಷ್ಟರಲ್ಲಿ ಮೇಸ್ತ್ರಿಯ ಅಂಗಡಿಗೆ ಒಂದು ಹೊಸ ಕಾನೂನು ಬಂದಿತ್ತು. ಒಳಗೆ ಕಾಲಿಡುವ ಮೊದಲು ಒರೆಗಲ್ಲಪ್ಪನವರು ಜೇಬು ಖಾಲಿ ಮಾಡಿ ತೋರಿಸಬೇಕು. ಉಕ್ಕಿನ ಮೊಳೆ ಬಿಸ್ಕತ್ತಿನ ಡಬ್ಬಿಯೊಳಗೆ ಜಪ್ತಿಯಾಗಿತ್ತು.

ಐದನೇ ಭಾನುವಾರ ಗಾಡಿ ಮೂರನೇ ಒದೆತಕ್ಕೆ ಎದ್ದಿತು. ಮೇಸ್ತ್ರಿ ಆಕ್ಸಿಲರೇಟರಿನಿಂದ ಕೈ ತೆಗೆದರು. ಎಂಜಿನ್ನು ಇಳಿಯಿತು, ಇನ್ನೇನು ಆರಿತು ಅನ್ನುವಷ್ಟು ಇಳಿಯಿತು, ಅಲ್ಲೇ ನಿಂತಿತು. ಟ್ಯಾಂಕಿನ ಮೇಲಿಟ್ಟಿದ್ದ ಸ್ಪ್ಯಾನರು ಸಣ್ಣಗೆ ಗಿಣಿಗಿಣಿ ಅನ್ನುತ್ತಿತ್ತು. ಮೇಸ್ತ್ರಿ ಜೇಬಿನಿಂದ ಫೋನು ತೆಗೆದು ಮಗಳಿಗೆ ಹಚ್ಚಿ, ಅದನ್ನು ಹೊಗೆಕೊಳವೆಯ ಹತ್ತಿರ ಹಿಡಿದರು. ಒಂದು ನಿಮಿಷ ಹಾಗೇ ಹಿಡಿದು, ಕಟ್ ಮಾಡಿ ಜೇಬಿಗೆ ಹಾಕಿಕೊಂಡರು. ಬೀಗದಕೈಯ ಮಾತು ಮತ್ತೆ ಬರಲಿಲ್ಲ.

ಆಮೇಲೆ ಒಂದು ಸುತ್ತು ಹೋಗಿ ಬರುತ್ತೇನೆ, ಅಂಗಡಿ ನೋಡಿಕೊಳ್ಳಿ ಎಂದು ಒರೆಗಲ್ಲಪ್ಪನವರ ಗಾಡಿಯನ್ನು ಏರಿ ಹೊರಟೇಬಿಟ್ಟರು.

ಒರೆಗಲ್ಲಪ್ಪನವರು ಸ್ಟೂಲಿನ ಮೇಲೆ ಕೂತರು. ಗೋಡೆಯ ತುಂಬ ಸ್ಪ್ಯಾನರುಗಳು, ತೆರೆದ ಗಲ್ಲಾಪೆಟ್ಟಿಗೆ, ಎಲ್ಲ ಅವರ ವಶದಲ್ಲಿತ್ತು. ಐದು ನಿಮಿಷವಾಯಿತು. ಹತ್ತಾಯಿತು. ಈ ಬೀದಿಯ ಒಂದು ಸುತ್ತಿಗೆ ಎಷ್ಟು ಬೇಕು? ಹದಿಮೂರನೇ ನಿಮಿಷಕ್ಕೆ ಎದ್ದು ಬಾಗಿಲಿಗೆ ಬಂದರು, ಮತ್ತೆ ಹೋಗಿ ಕೂತರು. ಕಾಗದಪತ್ರ ಮನೆಯ ಬೀರುವಿನಲ್ಲಿದೆ ಎಂದು ನೆನಪಿಸಿಕೊಂಡರು. ಅಷ್ಟರಲ್ಲಿ ಮೂಲೆಯಾಚೆ ಆ ಸದ್ದು ಕೇಳಿತು.

ಮೇಸ್ತ್ರಿ ಇಳಿದು ಸ್ಟ್ಯಾಂಡು ಹಾಕಿದರು. ಡ್ರಾಯಿಂಗ್ ಮೇಷ್ಟ್ರ ಹಿತ್ತಲ ಬಳಿ ಸದ್ದು ಮಾಡಿ ಬಂದೆ ಎಂದರು. ಕೋಳಿ ಹೆದರಿ ತೊಟ್ಟಿ ಹತ್ತಿತಂತೆ.

"ಹದಿನೇಳು ನಿಮಿಷ" ಎಂದರು ಒರೆಗಲ್ಲಪ್ಪನವರು.

"ಇಪ್ಪತ್ತಾಗಿದ್ರೆ ಪೊಲೀಸ್‌ಗೆ ಹೋಗ್ತಿದ್ರಾ?"

ಒರೆಗಲ್ಲಪ್ಪನವರು ನಿಜವನ್ನೇ ಹೇಳಿದರು. "ಇಲ್ಲ. ಇಪ್ಪತ್ತೈದು ಅಂದ್ಕೊಂಡಿದ್ದೆ."

ಮೇಸ್ತ್ರಿ ತಲೆಯಾಡಿಸಿ ಒಳಗೆ ಹೋದರು, ಗೋಡೆಯ ಸ್ಪ್ಯಾನರುಗಳನ್ನು ಒಂದೊಂದಾಗಿ ಎಣಿಸತೊಡಗಿದರು.